ಗೇಟಿನ ಹೊರಗೆ ನಿಂತ ತಂದೆ ತಾಯಿ

ದಂಡು ಪ್ರದೇಶದ ಪೂರ್ವಕ್ಕಿರುವ ದೊಮ್ಮಲೂರು ಬೆಂಗಳೂರು ಪೇಟೆಗಿಂತ ಹಳೆಯ ಊರು. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಶತಮಾನಗಳ ಮೊದಲೇ ಇಲ್ಲಿ ಚೊಕ್ಕನಾಥಸ್ವಾಮಿಯ ಗುಡಿ ಇತ್ತು. ಅದರ ಗೋಡೆಯ ಮೇಲಿನ ತಮಿಳು ಶಾಸನಗಳಲ್ಲಿ ಊರಿನ ಹೆಸರು ತೊಂಬಲೂರು. 1940ರಲ್ಲಿ ಪೂರ್ವದಲ್ಲಿ ವಿಮಾನ ಕಾರ್ಖಾನೆ ಬಂತು. ಆಮೇಲೆ ಇಂದಿರಾನಗರ, ದೊಮ್ಮಲೂರು ಲೇಔಟ್, ಒಳವರ್ತುಲ ರಸ್ತೆ, ಮೇಲ್ಸೇತುವೆ, ಗಾಜಿನ ಕಚೇರಿಗಳು ಒಂದೊಂದಾಗಿ ಬಂದವು. ಇಷ್ಟರ ನಡುವೆಯೂ ಹಳೆಯ ಊರಿನ ಓಣಿಗಳು ಅಲ್ಲೇ ಉಳಿದಿವೆ. ಅವುಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಕೇಳಿಬರುತ್ತವೆ.

ಇಂಥ ಬಡಾವಣೆಯಲ್ಲಿ ಮೂರು ವರ್ಷದ ಮಗುವಿಗೆ ಮೂರು ಬಗೆಯ ಬಾಗಿಲುಗಳಿವೆ. ಒಂದು ಅಂಗನವಾಡಿಯದು. ಇನ್ನೊಂದು ದೊಡ್ಡ ಶಾಲೆಯ ಎಲ್‌ಕೆಜಿಯದು. ಮೂರನೆಯದು ಬಂಗಲೆಯನ್ನು ಬಾಡಿಗೆಗೆ ಹಿಡಿದು, ಗೋಡೆಗೆ ಜಿರಾಫೆ ಬರೆಸಿ ನಡೆಸುವ ಪ್ಲೇ ಸ್ಕೂಲಿನದು. ಮೂರರಲ್ಲೂ ತಂದೆ ತಾಯಿಯ ಸ್ಥಾನ ಬೇರೆ ಬೇರೆ. ಮೊದಲನೆಯದರಲ್ಲಿ ಅವರು ಫಲಾನುಭವಿಗಳು, ಎರಡನೆಯದರಲ್ಲಿ ಅರ್ಜಿದಾರರು, ಮೂರನೆಯದರಲ್ಲಿ ಗಿರಾಕಿಗಳು. ಮಗುವಿನ ಕಲಿಕೆಯಲ್ಲಿ ಪಾಲುದಾರರು ಎಂಬ ಸ್ಥಾನ ಮಾತ್ರ ಎಲ್ಲಿಯೂ ಸುಲಭವಾಗಿ ದಕ್ಕುವುದಿಲ್ಲ. ಗೇಟಿನವರೆಗೆ ಬಂದು ಮಗುವಿನ ಕೈ ಬಿಡಿಸಿಕೊಂಡು ಹಿಂತಿರುಗುವುದೇ ಪಾಲಕರ ಕೆಲಸ ಎಂದು ಶಾಲೆ ತಿಳಿದಿದೆ. ಪಾಲಕರೂ ಹಾಗೆಯೇ ತಿಳಿದಿದ್ದಾರೆ.

ಮೊದಲಿನಿಂದಲೂ ಇದು ಹೀಗೇ ಇತ್ತೇ? ಇರಲಿಲ್ಲ ಎಂಬುದಕ್ಕೆ ಇನ್ನೂರು ವರ್ಷ ಹಳೆಯ ಸರ್ಕಾರಿ ವರದಿಯೊಂದರಲ್ಲಿ ಸಾಕ್ಷಿಯಿದೆ.

ಅಕ್ಕಿಯ ಮೇಲೆ ಅಕ್ಷರ

ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ.ಡಿ. ಕ್ಯಾಂಪ್ಬೆಲ್ 1823ರಲ್ಲಿ ಕಳಿಸಿದ ಉತ್ತರ ಉಳಿದವರದ್ದಕ್ಕಿಂತ ವಿವರವಾದದ್ದು. ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಓದುವವರು ಒಟ್ಟು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಗೆ ಇದು ಏನೇನೂ ಸಾಲದೆಂದು ಕ್ಯಾಂಪ್ಬೆಲ್ ಮರುಗಿದ್ದಾನೆ. ನೇಯ್ಗೆ ಕಸುಬು ಕುಸಿದು ಜನ ಬಡವರಾದದ್ದರಿಂದ ಶಾಲೆಗಳು ಕ್ಷೀಣಿಸಿವೆ ಎಂದು ಒಬ್ಬ ಕಂಪನಿ ಅಧಿಕಾರಿಯೇ ಬರೆದಿರುವುದು ಈ ವರದಿಯನ್ನು ಪ್ರಸಿದ್ಧಗೊಳಿಸಿತು.

ಇಲ್ಲಿ ನಮಗೆ ಬೇಕಾದದ್ದು ಅದೇ ವರದಿಯ ಇನ್ನೊಂದು ಭಾಗ. ಹುಡುಗನಿಗೆ ಐದು ತುಂಬಿದಾಗ ಅವನನ್ನು ಶಾಲೆಗೆ ಕಳಿಸುವುದಕ್ಕೆ ಮೊದಲು ಶಾಲೆಯನ್ನೇ ಮನೆಗೆ ಕರೆಯುತ್ತಿದ್ದರಂತೆ. ಉಪಾಧ್ಯಾಯರೂ ಅವರ ಶಿಷ್ಯರೆಲ್ಲರೂ ಬಂದು ಗಣಪತಿಯ ಮೂರ್ತಿಯ ಸುತ್ತ ಕೂರುತ್ತಿದ್ದರು. ಮಗುವನ್ನು ಮೂರ್ತಿಯ ಎದುರಿಗೆ ಕೂರಿಸಿ, ಧೂಪ ಹಾಕಿ, ವಿದ್ಯಾಬುದ್ಧಿಗಾಗಿ ಪ್ರಾರ್ಥನೆ ಹೇಳಿಸಿ, ಉಪಾಧ್ಯಾಯರು ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಸುತ್ತಿದ್ದರು. ತಂದೆ ತಾಯಿ ಶಕ್ತ್ಯಾನುಸಾರ ಕಾಣಿಕೆ ಕೊಡುತ್ತಿದ್ದರು. ಮಾರನೆಯ ಬೆಳಿಗ್ಗೆ ಹುಡುಗ ಶಾಲೆಗೆ ಹೋಗುತ್ತಿದ್ದ. ತಿಂಗಳಿಗೆ ಕಾಲು ರೂಪಾಯಿಯಿಂದ ಅರ್ಧ ರೂಪಾಯಿಯವರೆಗೆ ಸಂಬಳ. ಅದೂ ತಂದೆ ತಾಯಿಯ ಸ್ಥಿತಿಗತಿ ನೋಡಿ.

ನಮ್ಮ ಅಕ್ಷರಾಭ್ಯಾಸ ಇದೇ. ಕಲಿಕೆಯ ಆರಂಭಕ್ಕೆ ಕನ್ನಡದಲ್ಲಿ 'ಓನಾಮ' ಎಂಬ ಮಾತೇ ಇದೆ. ಶಿವಾಜಿನಗರ, ಹಲಸೂರುಗಳ ಮುಸ್ಲಿಂ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ನಡೆಯುವ ಬಿಸ್ಮಿಲ್ಲಾ ಶಾಸ್ತ್ರವೂ ಇಂಥದ್ದೇ. ಮೊದಲ ಅಕ್ಷರ ಮೂಡುವುದು ಮನೆಯಲ್ಲಿ, ಬಂಧುಬಳಗದ ಕಣ್ಣೆದುರಿನಲ್ಲಿ.

ಇದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕೂಲಿಮಠದ ಬೆತ್ತ, ಕೋದಂಡ, ಬಾಯಿಪಾಠಗಳ ನೆನಪು ಹಿಂದಿನ ತಲೆಮಾರಿನವರಿಗೆ ಚೆನ್ನಾಗಿಯೇ ಇತ್ತು. ಹೆಣ್ಣುಮಕ್ಕಳು ಅರವತ್ತೇ ಮಂದಿ ಎಂದಮೇಲೆ ಉಳಿದ ಹೆಣ್ಣುಮಕ್ಕಳ ಕೈಗೆ ಅಕ್ಕಿಯ ಮೇಲಿನ ಅಕ್ಷರವೂ ಬರಲಿಲ್ಲವೆಂದಾಯಿತು. ದಲಿತರ ಮನೆಗೆ ಉಪಾಧ್ಯಾಯರು ಹೋಗಿ ಕೂತಿದ್ದರೆಂದು ಯಾರೂ ನಂಬಲಾರರು. ಆದರೂ ಶಾಲೆ ಒಂದು ದಿನದ ಮಟ್ಟಿಗಾದರೂ ಮನೆಯ ಹೊಸಿಲು ದಾಟಿ ಒಳಗೆ ಬರುತ್ತಿತ್ತು ಎಂಬುದು ನಿಜ.

ಸರ್ಕಾರಿ ಶಾಲೆ ಬಂದಾಗ ಈ ಸಂಬಂಧ ಬದಲಾಯಿತು. ಕಟ್ಟಡ, ಗಂಟೆ, ಹಾಜರಿ ಪುಸ್ತಕ, ತನಿಖಾಧಿಕಾರಿ ಬಂದರು. ಉಪಾಧ್ಯಾಯರ ಸಂಬಳ ಖಜಾನೆಯಿಂದ ಬರತೊಡಗಿತು. ಅದರಿಂದ ಬಡವರ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆಯ ದಾರಿ ತೆರೆಯಿತೆಂಬುದನ್ನು ಮರೆಯಬಾರದು. ಮೈಸೂರು ಸಂಸ್ಥಾನ 1913ರಲ್ಲಿ ಪ್ರಾಥಮಿಕ ಶಿಕ್ಷಣ ನಿಬಂಧನೆ ತಂದು, ಆಯ್ದ ಸ್ಥಳಗಳಲ್ಲಿ ಗಂಡುಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಕಡ್ಡಾಯ ಮಾಡಿತು. ಅಲ್ಲಿಂದಾಚೆಗೆ ಸರ್ಕಾರದ ಕಣ್ಣಿನಲ್ಲಿ ಪೋಷಕನೆಂದರೆ ಮಗುವನ್ನು ತಂದು ಒಪ್ಪಿಸಬೇಕಾದವನು, ಪ್ರಗತಿ ಪತ್ರದ ಕೆಳಗೆ ಸಹಿ ಹಾಕಬೇಕಾದವನು. ಸಹಿ ಬಾರದವರಿಗೆ ಹೆಬ್ಬೆಟ್ಟು ಇದ್ದೇ ಇತ್ತು.

ರೋಮಿನ ವಠಾರದಲ್ಲಿ

ಬೆಂಗಳೂರಿನ ಬೀದಿ ಬೀದಿಯಲ್ಲಿ 'ಮಾಂಟೆಸ್ಸರಿ' ಎಂಬ ಬೋರ್ಡು ಕಾಣುತ್ತದೆ. ಇಂದಿರಾನಗರದಲ್ಲಂತೂ ಆ ಮಾತು ಹೆಚ್ಚು ಶುಲ್ಕದ ಶಾಲೆ ಎಂಬುದಕ್ಕೆ ಪರ್ಯಾಯ ಪದವೇ ಆಗಿಬಿಟ್ಟಿದೆ. ಆ ಹೆಸರು ಹುಟ್ಟಿದ ಜಾಗ ಮಾತ್ರ ಇಂದಿರಾನಗರಕ್ಕಿಂತ ದೊಮ್ಮಲೂರಿನ ಹಿಂದಿನ ಓಣಿಗಳಿಗೆ ಹತ್ತಿರವಾದದ್ದು.

ರೋಮ್ ನಗರದ ಸ್ಯಾನ್ ಲೊರೆಂಜೊ ಬಡವರ ಕೇರಿ. ಅಲ್ಲಿನ ಪಾಳುಬಿದ್ದ ವಠಾರಗಳನ್ನು ಒಂದು ಸಂಸ್ಥೆ ದುರಸ್ತಿ ಮಾಡಿಸಿ ಬಾಡಿಗೆಗೆ ಕೊಟ್ಟಿತು. ತಂದೆ ತಾಯಿ ಇಬ್ಬರೂ ಕೂಲಿಗೆ ಹೋದಮೇಲೆ ಚಿಕ್ಕ ಮಕ್ಕಳು ಮೆಟ್ಟಿಲುಗಳಲ್ಲಿ ಅಡ್ಡಾಡುತ್ತಾ ಹೊಸದಾಗಿ ಸುಣ್ಣ ಬಳಿದ ಗೋಡೆಗಳನ್ನು ಗೀಚಿ ಕೆಡಿಸುತ್ತಿದ್ದವು. ಗೋಡೆಗಳನ್ನು ಉಳಿಸಿಕೊಳ್ಳಲು ಮಕ್ಕಳನ್ನು ಒಂದೆಡೆ ಕೂಡಿಹಾಕಬೇಕಿತ್ತು, ಅದಕ್ಕೊಬ್ಬರು ಬೇಕಿತ್ತು. ಹೀಗೆ ವೈದ್ಯೆ ಮರಿಯಾ ಮಾಂಟೆಸ್ಸರಿಗೆ ಕರೆ ಹೋಯಿತು. 1907ರ ಜನವರಿ 6ರಂದು 'ಮಕ್ಕಳ ಮನೆ' ತೆರೆಯಿತು. ಲೋಕವನ್ನೇ ಸುತ್ತಿದ ಒಂದು ಶಿಕ್ಷಣ ಪದ್ಧತಿ ಸುಣ್ಣದ ಖರ್ಚು ಉಳಿಸುವ ಯೋಚನೆಯಿಂದ ಶುರುವಾಯಿತು ಎಂಬುದು ಇತಿಹಾಸದ ತಮಾಷೆಗಳಲ್ಲಿ ಒಂದು.

ಆ ಮಕ್ಕಳ ಮನೆಯ ಗೋಡೆಯ ಮೇಲೆ ನಿಯಮಗಳ ಪಟ್ಟಿ ಇರುತ್ತಿತ್ತು. ಮಾಂಟೆಸ್ಸರಿ ತನ್ನ ಪುಸ್ತಕದಲ್ಲಿ ಅದನ್ನು ಪೂರ್ತಿಯಾಗಿ ಕೊಟ್ಟಿದ್ದಾಳೆ. ತಂದೆ ತಾಯಿ ಹಣ ಕೊಡಬೇಕಾಗಿಲ್ಲ. ಆದರೆ ಮಗುವನ್ನು ಹೊತ್ತಿಗೆ ಸರಿಯಾಗಿ, ಮೈ ಬಟ್ಟೆ ಶುಚಿಮಾಡಿ ಕಳಿಸಬೇಕು. ಶಿಕ್ಷಕಿಯನ್ನು ಗೌರವದಿಂದ ಕಾಣಬೇಕು, ಮಗುವಿನ ಶಿಕ್ಷಣದಲ್ಲಿ ಅವಳೊಡನೆ ಕೈಗೂಡಿಸಬೇಕು. ವಾರಕ್ಕೊಮ್ಮೆಯಾದರೂ ತಾಯಿ ಶಿಕ್ಷಕಿಯೊಂದಿಗೆ ಮಾತನಾಡಿ ಮನೆಯಲ್ಲಿ ಮಗು ಹೇಗಿದೆ ಎಂಬುದನ್ನು ಹೇಳಬಹುದು, ಅವಳ ಸಲಹೆ ಕೇಳಬಹುದು. ಅಗೌರವ ತೋರಿದವರ ಮಗುವನ್ನು ಹೊರಗೆ ಕಳಿಸಲಾಗುವುದು ಎಂಬ ಬೆದರಿಕೆಯೂ ಪಟ್ಟಿಯಲ್ಲಿದೆ. ಇಷ್ಟು ಕಟ್ಟುನಿಟ್ಟು ಓದಿದರೆ ನಮಗೆ ಕಸಿವಿಸಿಯಾದೀತು. ಆದರೆ ಶಿಕ್ಷಕಿಯ ವಾಸ ಅದೇ ವಠಾರದಲ್ಲಿ. ತಾಯಂದಿರು ಯಾವ ಹೊತ್ತಿನಲ್ಲಾದರೂ ಬಂದು ನೋಡಬಹುದಿತ್ತು. ಶಾಲೆಯನ್ನು ಮನೆಯೊಳಗೇ ಇಟ್ಟಿದ್ದೇವೆ, ಅದು ಪಾಲಕರೆಲ್ಲರ ಸಾಮೂಹಿಕ ಆಸ್ತಿ ಎಂದು ಮಾಂಟೆಸ್ಸರಿ ಹೆಮ್ಮೆಪಟ್ಟಿದ್ದಳು.

ಆಕೆ 1939ರಲ್ಲಿ ಮದರಾಸಿನ ಅಡಯಾರಿಗೆ ಬಂದಳು. ಮುಂದಿನ ವರ್ಷ ಇಟಲಿ ಯುದ್ಧಕ್ಕಿಳಿದದ್ದರಿಂದ ಶತ್ರು ದೇಶದ ಪ್ರಜೆ ಎನಿಸಿಕೊಂಡು ಭಾರತದಲ್ಲೇ ಉಳಿಯಬೇಕಾಯಿತು. ಅಡಯಾರ್, ಕೊಡೈಕೆನಾಲ್‌ಗಳಲ್ಲಿ ನೂರಾರು ಶಿಕ್ಷಕರು ಆಕೆಯಿಂದ ಕಲಿತರು. ಅವರ ಮೂಲಕ ಪದ್ಧತಿ ದಕ್ಷಿಣದ ನಗರಗಳಿಗೆ ಹಬ್ಬಿತು. ಬಣ್ಣದ ಮಣಿಗಳು ಬಂದವು, ಮರದ ಗೋಪುರ ಬಂತು, ಮರಳುಕಾಗದದ ಅಕ್ಷರ ಬಂತು. ಗೋಡೆಯ ಮೇಲಿನ ಆ ನಿಯಮಪಟ್ಟಿಯೂ ವಠಾರವೂ ಮಾತ್ರ ರೋಮಿನಲ್ಲೇ ಉಳಿದವು.

ಅಂಗಳಕ್ಕೆ ಬಂದ ಬಾಲವಾಡಿ

ಭಾರತದಲ್ಲಿ ಪಾಲಕರ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದವರು ಗುಜರಾತಿನ ಗಿಜುಭಾಯಿ ಬಧೇಕಾ. ವಕೀಲರಾಗಿದ್ದ ಅವರು ತಮ್ಮ ಮಗನನ್ನು ಹೇಗೆ ಬೆಳೆಸುವುದೆಂಬ ಚಿಂತೆಯಲ್ಲಿ ಮಾಂಟೆಸ್ಸರಿಯನ್ನು ಓದಿ, ವಕೀಲಿ ಬಿಟ್ಟು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ಮಕ್ಕಳಿಗಾಗಿ ಬರೆದಷ್ಟೇ ಶ್ರದ್ಧೆಯಿಂದ ತಂದೆ ತಾಯಂದಿರಿಗಾಗಿಯೂ ಬರೆದರು. ಹೊಡೆಯಬೇಡಿ, ಹೆದರಿಸಬೇಡಿ, ಮಗು ಕೇಳಿದ್ದಕ್ಕೆ ಉತ್ತರ ಕೊಡಿ ಎಂಬುದನ್ನು ಸಾಮಾನ್ಯರ ಮಾತಿನಲ್ಲಿ ಹೇಳಿದರು.

ಅವರ ಜೊತೆಗಾತಿ ತಾರಾಬಾಯಿ ಮೋಡಕ್ ಇನ್ನೂ ಮುಂದೆ ಹೋದರು. ಮುಂಬಯಿ ಪ್ರಾಂತ್ಯದ ಬೋರ್ಡಿ ಎಂಬ ಹಳ್ಳಿಯಲ್ಲಿ 1945ರಲ್ಲಿ ಅವರು ಗ್ರಾಮ ಬಾಲಶಿಕ್ಷಾ ಕೇಂದ್ರ ಆರಂಭಿಸಿದರು. ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಊರಿನ ಬಾಲವಾಡಿಗೆ ದಲಿತ ಕೇರಿಯ ಮಕ್ಕಳು ಬರುತ್ತಿರಲಿಲ್ಲ. ಬರಿಯ ಆಹ್ವಾನದಿಂದ ಬರುವಂತೆಯೂ ಇರಲಿಲ್ಲ. ಮಕ್ಕಳು ಬಾಲವಾಡಿಗೆ ಬಾರದಿದ್ದರೆ ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಲಿ ಎಂದು ತಾರಾಬಾಯಿ, ಅನುತಾಯಿ ವಾಘ್ ಕೇರಿಗೇ ನಡೆದರು. ಮಕ್ಕಳ ಮುಖ ತೊಳೆಸಿ, ತಲೆ ಬಾಚಿ, ಬೀಜ, ಕಲ್ಲು, ಎಲೆಗಳನ್ನೇ ಆಟದ ಸಾಮಾನು ಮಾಡಿಕೊಂಡು ಕಲಿಸಿದರು. ಮನೆಯ ಮುಂದೆಯೇ ನಡೆಯುವ ಶಾಲೆಯನ್ನು ತಾಯಂದಿರು ನೋಡದಿರುವುದು ಹೇಗೆ? ಆ ಅಂಗಳದ ಶಾಲೆಗೆ ಬಿದ್ದ ಹೆಸರೇ ಅಂಗನವಾಡಿ.

ಅದೇ ಕಾಲದಲ್ಲಿ ಗಾಂಧೀಜಿ ತಮ್ಮ ನಯೀ ತಾಲೀಮನ್ನು ಏಳು ವರ್ಷಕ್ಕಿಂತ ಕೆಳಗಿನ ಮಕ್ಕಳಿಗೂ ವಿಸ್ತರಿಸಿ, ಮಗುವಿನ ಶಿಕ್ಷಣ ತಂದೆ ತಾಯಿಯ ಶಿಕ್ಷಣದಿಂದಲೇ ಶುರುವಾಗಬೇಕು ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಇದಕ್ಕೆ ಸ್ವಲ್ಪ ಮೊದಲೇ ಆರ್. ಕಲ್ಯಾಣಮ್ಮ 'ಸರಸ್ವತಿ' ಮಾಸಪತ್ರಿಕೆಯ ಮೂಲಕ ಮನೆಯ ಹೆಂಗಸರನ್ನು ತಲುಪಿದ್ದರು. 1938ರಲ್ಲಿ ಚಾಮರಾಜಪೇಟೆಯಲ್ಲಿ ಅವರು ಮಕ್ಕಳ ಕೂಟ ಸ್ಥಾಪಿಸಿದರು. ತಾಯಂದಿರಿಗೆ ಪತ್ರಿಕೆ, ಮಕ್ಕಳಿಗೆ ಕೂಟ, ಎರಡನ್ನೂ ನಡೆಸಿದವರು ಒಬ್ಬರೇ. ಬಾಲವಿಧವೆಯಾಗಿದ್ದ ಹೆಣ್ಣುಮಗಳೊಬ್ಬಳು ಇಷ್ಟನ್ನು ಮಾಡಿದರೆಂಬುದನ್ನು ಚಾಮರಾಜಪೇಟೆಯವರಾದರೂ ನೆನೆಯಬೇಕು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭಿಸಿದಾಗ ಅಂಗನವಾಡಿ ಎಂಬ ಹೆಸರನ್ನೇ ಆರಿಸಿಕೊಂಡಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, 100 ಕೇಂದ್ರಗಳೊಂದಿಗೆ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ಪೌಷ್ಟಿಕತೆಯ ತಿಳಿವಳಿಕೆ, ಇವುಗಳ ಜೊತೆಗೆ ಶಾಲಾಪೂರ್ವ ಶಿಕ್ಷಣ. ಕೆಲಸ ದೊಡ್ಡದು, ಪ್ರಯೋಜನವೂ ದೊಡ್ಡದು. ಅಂಗನವಾಡಿಯ ಊಟ ಇಲ್ಲದಿದ್ದರೆ ಎಷ್ಟು ಕೂಸುಗಳು ಸೊರಗುತ್ತಿದ್ದವೋ!

ಆದರೆ ಹೆಸರಿನಲ್ಲಿದ್ದ ಅಂಗಳ ಮೆಲ್ಲಮೆಲ್ಲನೆ ಮಾಯವಾಯಿತು. ಹಳ್ಳಿಯಲ್ಲಿ ಅದೊಂದು ಕಟ್ಟಡವಾಯಿತು. ನಗರದಲ್ಲಿ ಬಹಳ ಕಡೆ ಬಾಡಿಗೆಯ ಕೋಣೆ. ಕಾರ್ಯಕರ್ತೆಯ ಮೇಲೆ ತೂಕ ನೋಡುವ, ದಾಖಲೆ ತುಂಬಿಸುವ, ಸಮೀಕ್ಷೆ ಮಾಡುವ, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ತಿರುಗುವ ಹೊರೆಯೆಲ್ಲ ಬಿತ್ತು. ಪಾಲಕರಿಗಾಗಿ ಬಾಲವಿಕಾಸ ಸಮಿತಿ ಎಂಬ ವ್ಯವಸ್ಥೆ ಇದೆ. ತಾಯಂದಿರು ಅದರ ಸದಸ್ಯರು. ಕಾಗದದ ಮೇಲೆ ಇದು ತಾರಾಬಾಯಿಯವರ ಅಂಗಳವೇ. ನಡೆಯುವಾಗ ಮಾತು ಹೆಚ್ಚಾಗಿ ಆಹಾರ, ಬಾಡಿಗೆ, ರಿಪೇರಿಗಳ ಸುತ್ತ ತಿರುಗುತ್ತದೆ. ಮಗು ಮೂರು ವರ್ಷಕ್ಕೆ ಏನು ಕಲಿಯಬೇಕು, ಮನೆಯಲ್ಲಿ ಅದಕ್ಕೆ ಏನು ಮಾಡಬಹುದು ಎಂಬ ಮಾತು ಸರದಿಯ ಕೊನೆಗೆ ಬರುತ್ತದೆ, ಹೊತ್ತು ಉಳಿದರೆ.

ಸಂದರ್ಶನಕ್ಕೆ ಕೂತ ದಂಪತಿ

ಇನ್ನೊಂದು ಕಡೆ ಖಾಸಗಿ ನರ್ಸರಿಗಳು ಪಾಲಕರನ್ನು ಒಳಗೆ ಕರೆದವು, ಪರೀಕ್ಷೆಗಾಗಿ! ಮಗುವಿಗೆ ಸೀಟು ಕೊಡುವ ಮೊದಲು ತಂದೆಯ ಉದ್ಯೋಗ, ತಾಯಿಯ ವಿದ್ಯೆ, ಮನೆಮಾತು ಯಾವುದು, ಇಂಗ್ಲಿಷ್ ಬರುತ್ತದೆಯೇ ಎಂದು ಕೇಳುವ ಪದ್ಧತಿ ನಗರದ ಮಧ್ಯಮ ವರ್ಗಕ್ಕೆ ಚಿರಪರಿಚಿತ. ಶಾಲೆಯ ಹೊರೆಯನ್ನು ಕುರಿತು ವಿಚಾರ ಮಾಡಲು 1992ರಲ್ಲಿ ನೇಮಕವಾದ ಪ್ರೊ. ಯಶಪಾಲ್ ಸಮಿತಿ ಮರುವರ್ಷ ಕೊಟ್ಟ ವರದಿಯಲ್ಲಿ ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಮಾಡುವುದನ್ನು ನಿಲ್ಲಿಸಬೇಕೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಮಗುವನ್ನಾಗಲಿ ಅದರ ತಂದೆ ತಾಯಿಯನ್ನಾಗಲಿ ಪ್ರವೇಶಕ್ಕಾಗಿ ಜರಡಿ ಹಿಡಿಯಕೂಡದೆಂದು ಸ್ಪಷ್ಟವಾಗಿ ಬರೆಯಿತು. ತಂದೆ ತಾಯಿಯನ್ನು ಕಾನೂನಿನಲ್ಲಿ ಹೆಸರಿಸಿ ಕಾಪಾಡಬೇಕಾಯಿತೆಂದರೆ ರೋಗ ಎಷ್ಟು ಬೆಳೆದಿತ್ತೆಂದು ಊಹಿಸಬಹುದು.

ಇಲ್ಲಿಯೇ ಒಂದು ವಿಚಿತ್ರವಿದೆ. 2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತು. ಅದೇ ವಯಸ್ಸಿನ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆ ತಾಯಿಯ ಮೂಲಭೂತ ಕರ್ತವ್ಯ ಎಂದೂ ಸೇರಿಸಿತು. ಆರರ ಕೆಳಗಿನ ಮಕ್ಕಳ ಪಾಲಿಗೆ ಬಂದದ್ದು ರಾಜ್ಯವು ಪ್ರಯತ್ನಿಸತಕ್ಕದ್ದು ಎಂಬ ನಿರ್ದೇಶಕ ತತ್ವ ಮಾತ್ರ. ಶಾಲೆಗಳ ಆಡಳಿತದಲ್ಲಿ ಪಾಲಕರಿಗೆ ಪಾಲು ಕೊಡುವುದರಲ್ಲಿ ಕರ್ನಾಟಕ ಮುಂದಿತ್ತು. 2001ರಲ್ಲೇ ಸರ್ಕಾರಿ ಶಾಲೆಗಳಿಗೆ ಪಾಲಕರೇ ಪ್ರಮುಖರಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಕೇಂದ್ರದ ಕಾಯ್ದೆಯೂ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದಿತು. ಇವೆಲ್ಲವೂ ಒಂದನೇ ತರಗತಿಯಿಂದ ಮೇಲಿನ ಮಾತು. ತಂದೆ ತಾಯಿಯ ಕೈ ಹೆಚ್ಚು ಬೇಕಾಗಿರುವ ವಯಸ್ಸಿನಲ್ಲಿ ಅವರಿಗೆ ಕಾನೂನಿನ ಬಲ ಕಡಿಮೆ.

2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅದೇ ವರ್ಷ ಬೆಂಗಳೂರಿನ ಕೆಲವು ಅಂಗನವಾಡಿಗಳಿಗೆ 'ಸರ್ಕಾರಿ ಮಾಂಟೆಸ್ಸರಿ' ಎಂಬ ಹೆಸರು ಸಿಕ್ಕಿತು. ಬಡವರ ವಠಾರದಲ್ಲಿ ಹುಟ್ಟಿ, ಸಿರಿವಂತರ ಬಂಗಲೆಯಲ್ಲಿ ಬೆಳೆದ ಹೆಸರು ಮತ್ತೆ ಬಡವರ ಬಳಿಗೆ ಬಂದಂತಾಯಿತು. ಕಾರ್ಯಕರ್ತೆಯರ ಚಿಂತೆ ತಮ್ಮ ನೌಕರಿಯದು, ಅದು ಸಹಜ. ಇಲಾಖೆಗಳ ಚಿಂತೆ ಮಕ್ಕಳು ಯಾರ ಪಟ್ಟಿಗೆ ಸೇರಬೇಕೆಂಬುದು. ಆ ಚರ್ಚೆಯಲ್ಲಿ ತಾಯಂದಿರ ದನಿ ಅಷ್ಟಾಗಿ ಕೇಳಿಬರಲಿಲ್ಲ.

ತಾಯಿಯೇ ಪಾಠ ಕಲಿಯುವ ಶಾಲೆ

ಪಾಲಕರನ್ನು ಒಳಗೆ ಕರೆದು ಕೂರಿಸಿಕೊಳ್ಳದೆ ನಡೆಯುವುದೇ ಇಲ್ಲ ಎಂಬಂಥ ಶಾಲೆಗಳೂ ಇವೆ. ದೊಮ್ಮಲೂರಿನಿಂದ ನಡೆದುಹೋಗಬಹುದಾದ ದೂರದಲ್ಲಿ, ಇಂದಿರಾನಗರದ ಮೊದಲ ಹಂತದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. 1980ರ ದಶಕದ ಆರಂಭದಿಂದ ಕೆಲಸ ಮಾಡುತ್ತಿರುವ ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ತಂದೆ ತಾಯಂದಿರೂ ಇದ್ದಾರೆ. ಮೆದುಳಿನ ಪಾರ್ಶ್ವವಾಯುವಿನಿಂದ ಬಳಲುವ ಕೂಸಿಗೆ ಕುತ್ತಿಗೆ ನಿಲ್ಲಿಸುವುದನ್ನು, ಚಮಚ ಹಿಡಿಯುವುದನ್ನು ವಾರದ ಒಂದೆರಡು ಗಂಟೆಯಲ್ಲಿ ತಜ್ಞರು ಕಲಿಸಿ ಮುಗಿಸಲಾರರು. ಉಳಿದ ಹೊತ್ತೆಲ್ಲ ಅದು ಮನೆಯಲ್ಲಿರುತ್ತದೆ. ಎತ್ತಿಕೊಳ್ಳುವ, ಉಣಿಸುವ, ಮಲಗಿಸುವ ಪ್ರತಿಯೊಂದು ಕೆಲಸವೂ ಪಾಠವಾಗಬೇಕಾದರೆ ಮನೆಯವರೇ ಕಲಿಯಬೇಕು. ಇಲ್ಲಿ ಪಾಲಕರನ್ನು ಸೇರಿಸಿಕೊಳ್ಳುವುದು ಸೌಜನ್ಯದ ಮಾತಾಗಿ ಉಳಿಯುವುದಿಲ್ಲ, ಅದೇ ಚಿಕಿತ್ಸೆಯಾಗುತ್ತದೆ.

ಮೈಸೂರಿನ ಉದಾಹರಣೆ ಇನ್ನೂ ಸ್ಪಷ್ಟ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ಮಗುವಿನ ಪಕ್ಕದಲ್ಲೇ ತಾಯಿಯೋ ಅಜ್ಜಿಯೋ ಕೂತಿರುತ್ತಾರೆ. ಅದೇ ಊರಿನಲ್ಲಿ ಕಿವುಡು ಮಕ್ಕಳ ಪಾಲಕರ ಸಂಘವೊಂದು ತಾಯಂದಿರಿಗಾಗಿಯೇ ಶಾಲೆ ನಡೆಸುತ್ತ ಬಂದಿದೆ. ದೂರದ ಜಿಲ್ಲೆಗಳಿಂದ ಹೆಂಗಸರು ಕಿವಿ ಕೇಳದ ಮಗುವನ್ನು ಕರೆದುಕೊಂಡು ಬಂದು, ಮೈಸೂರಿನಲ್ಲಿ ಬಿಡಾರ ಹೂಡಿ, ಮೂರು ವರ್ಷ ಮಗುವಿನೊಂದಿಗೆ ತರಗತಿಯಲ್ಲಿ ಕೂರುತ್ತಾರೆ. ಓದು ಕಡಿಮೆ ಇರುವವರೂ ಬರುತ್ತಾರೆ. ಶ್ರವಣ ಯಂತ್ರ ಹಾಕಿದ ಮಗುವಿಗೆ ಒಂದು ಮಾತನ್ನು ನೂರು ಸಲ, ನೂರು ಸಂದರ್ಭದಲ್ಲಿ ಹೇಳುವುದು ಹೇಗೆ? ಈರುಳ್ಳಿ ಹೆಚ್ಚುವಾಗ ಈರುಳ್ಳಿಯ ಮಾತು, ಬಸ್ಸಿಗೆ ಕಾಯುವಾಗ ಬಸ್ಸಿನ ಮಾತು. ಮಗು ತುಟಿ ನೋಡುವಂತೆ ಎದುರಿಗೆ ಕೂತು, ಉತ್ತರಕ್ಕೆ ಕಾದು, ಬಂದ ಅರೆಮಾತನ್ನು ಪೂರ್ತಿಮಾಡಿ ಕೊಡುವುದನ್ನು ಅವರು ಅಲ್ಲಿ ಕಲಿಯುತ್ತಾರೆ. ಆಮೇಲೆ ಊರಿಗೆ ಮರಳಿ ಮಗುವನ್ನು ಎಲ್ಲರ ಶಾಲೆಗೇ ಸೇರಿಸುತ್ತಾರೆ. ಗಂಡನನ್ನೂ ಹೊಲವನ್ನೂ ಬಿಟ್ಟು ಮೂರು ವರ್ಷ ಇನ್ನೊಂದು ಊರಿನಲ್ಲಿರುವುದೆಂದರೆ ಸಣ್ಣ ಮಾತಲ್ಲ. ಈ ಭಾರ ತಂದೆಯರ ಮೇಲೆ ಏಕೆ ಬೀಳುವುದಿಲ್ಲ ಎಂದು ಕೇಳುವುದು ನ್ಯಾಯವೇ.

ಕಿವಿ ಕೇಳುವ ಮಗುವಿಗೂ ಮಾತು ಬೆಳೆಯುವ ದಾರಿ ಇದೇ ಎಂಬುದನ್ನು ನಾವು ಗಮನಿಸುವುದಿಲ್ಲ, ಏಕೆಂದರೆ ಅದು ತಾನಾಗಿಯೇ ನಡೆದಂತೆ ಕಾಣುತ್ತದೆ. ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿ 1986–87ರಲ್ಲಿ ಆರಂಭವಾದ ಒಂದು ಅಧ್ಯಯನ ಇದನ್ನು ಲೆಕ್ಕದಲ್ಲಿ ತೋರಿಸಿತು. ಕಿಂಗ್ಸ್ಟನ್ ನಗರದ ಬಡ ಕೇರಿಗಳಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಕೂಸುಗಳನ್ನು ಆರಿಸಿಕೊಂಡರು. ಅವುಗಳಲ್ಲಿ ಒಂದು ಭಾಗದ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಂದು ಗಂಟೆ, ಎರಡು ವರ್ಷ ಹೋದಳು. ಅವಳು ಮಗುವಿಗೆ ಪಾಠ ಹೇಳಲಿಲ್ಲ. ಮನೆಯಲ್ಲಿ ಸಿಗುವ ಡಬ್ಬಿ, ಮುಚ್ಚಳಗಳಿಂದ ಆಟಿಕೆ ಮಾಡಿ, ಮಗುವಿನೊಂದಿಗೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸಿಕೊಟ್ಟಳು. ಇಪ್ಪತ್ತು ವರ್ಷದ ನಂತರ ಹುಡುಕಿ ನೋಡಿದಾಗ, ಆ ಮಕ್ಕಳು ಇಂಥ ಭೇಟಿ ಇಲ್ಲದೆ ಬೆಳೆದ ಮಕ್ಕಳಿಗಿಂತ ಶೇ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಕಟ್ಟಡ, ಸಮವಸ್ತ್ರ, ಬೋರ್ಡು ಯಾವುದೂ ಇಲ್ಲದ ಶಾಲೆಯ ಫಲ ಇದು.

ಮನೆಮಾತಿಗೆ ಬಾಗಿಲಿಲ್ಲ

ಹಾಗಾದರೆ ದೊಮ್ಮಲೂರಿನ ಓಣಿಯ ತಾಯಿಯ ಬಳಿ ಮಗುವಿಗೆ ಕೊಡಲು ಏನಿದೆ? ಮೊದಲನೆಯದು ಮಾತು. ಅದು ತಮಿಳಿರಬಹುದು, ತೆಲುಗಿರಬಹುದು, ದಖನಿ ಉರ್ದು ಇರಬಹುದು, ರಾಯಚೂರಿನ ಕಡೆಯ ಕನ್ನಡವಿರಬಹುದು. ಅದರಲ್ಲಿ ಕತೆಯಿದೆ, ಒಗಟಿದೆ, ಲಾಲಿಯಿದೆ, ಬೈಗುಳವೂ ಇದೆ. ಶಾಲೆ ಆಕೆಗೆ ಮೊದಲು ಹೇಳುವ ಮಾತಾದರೂ ಏನು? "ಮನೆಯಲ್ಲಿ ಇಂಗ್ಲಿಷ್ ಮಾತಾಡಿ." ಬಾರದ ಭಾಷೆಯಲ್ಲಿ ಮಾತಾಡಿ ಎಂದರೆ ಸುಮ್ಮನಿರಿ ಎಂದೇ ಅರ್ಥ. ಆಕೆ ಸುಮ್ಮನಾಗುತ್ತಾಳೆ. ತನಗೆ ಗೊತ್ತಿರುವುದು ಮಗುವಿಗೆ ಬೇಡವಾದದ್ದು ಎಂದು ನಂಬುತ್ತಾಳೆ. ಸಾಲ ಮಾಡಿ ಶುಲ್ಕ ಕಟ್ಟಿ, ಟ್ಯೂಷನ್ನಿಗೂ ಕಳಿಸುತ್ತಾಳೆ. ಬಡ ಪಾಲಕರಿಗೆ ಮಕ್ಕಳ ಓದಿನ ಬಗ್ಗೆ ಆಸಕ್ತಿಯಿಲ್ಲ ಎಂದು ದೂರುವವರು ಈ ಸಾಲದ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ಅನುಕೂಲಸ್ಥರ ಕತೆಯೇನೂ ಭಿನ್ನವಲ್ಲ. ಪ್ಲೇ ಸ್ಕೂಲಿನಿಂದ ವಾಟ್ಸ್‌ಆ್ಯಪ್ಪಿಗೆ ದಿನಕ್ಕೆ ಹತ್ತು ಫೋಟೊ ಬರುತ್ತವೆ. ಮೂರು ವರ್ಷದ ಮಗುವಿನ 'ಪ್ರಾಜೆಕ್ಟ್' ಎಂದು ರಾತ್ರಿ ಹನ್ನೊಂದು ಗಂಟೆಗೆ ತಂದೆ ಥರ್ಮೊಕೋಲು ಕತ್ತರಿಸುತ್ತಾನೆ. ಬಹುಮಾನ ಮಗುವಿಗೆ ಬರುತ್ತದೆ. ಇದನ್ನೂ ಪಾಲಕರ ಪಾಲ್ಗೊಳ್ಳುವಿಕೆ ಎಂದೇ ಕರೆಯುತ್ತಾರೆ.

ಎರಡನೆಯದು ಹೊತ್ತು. ಈ ವಿಷಯದಲ್ಲಿ ಭಾಷಣಕ್ಕಿಂತ ಗಡಿಯಾರ ನೋಡುವುದೇ ಮೇಲು. ಲೇಔಟಿನ ಮನೆಗಳಲ್ಲಿ ಪಾತ್ರೆ ತೊಳೆಯುವ, ಅಡುಗೆ ಮಾಡುವ ಹೆಂಗಸು ಕೆಲಸಕ್ಕೆ ಹೊರಡುವುದು ಬೆಳಗಿನ ಏಳಕ್ಕೆ ಮೊದಲು. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ. ಕೂಸನ್ನು ಕರೆದುಕೊಂಡು ಹೋಗುವವರು ಅಜ್ಜಿ, ಅಕ್ಕ ಅಥವಾ ಪಕ್ಕದ ಮನೆಯವರು. ಆ ಅಕ್ಕ ಕೆಲವೊಮ್ಮೆ ತಾನೇ ಶಾಲೆಗೆ ಹೋಗಬೇಕಾದ ವಯಸ್ಸಿನವಳು. ಗಾರೆ ಕೆಲಸಕ್ಕೆ ಹೋಗುವವರ ಮಕ್ಕಳು ಕಟ್ಟಡದ ಮರಳಿನ ಗುಡ್ಡೆಯ ಮೇಲೆಯೇ ದಿನ ಕಳೆಯುತ್ತಾರೆ, ಸ್ಯಾನ್ ಲೊರೆಂಜೊದ ಮಕ್ಕಳಂತೆ. ಪೇರೆಂಟ್ಸ್ ಮೀಟಿಂಗ್, ಬಾಲವಿಕಾಸ ಸಮಿತಿಯ ಸಭೆ ಎಲ್ಲವೂ ನಡೆಯುವುದು ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ. ಸಭೆಗೆ ಬಂದರೆ ಅರ್ಧ ದಿನದ ಕೂಲಿ ಹೋಯಿತು. ಬಾರದಿದ್ದರೆ ಆಸಕ್ತಿಯಿಲ್ಲದ ಪಾಲಕರು ಎಂಬ ಹೆಸರು ಬಂತು.

ದುಡಿಯುವ ತಾಯಿಯ ಹೊತ್ತಿಗೆ ತಕ್ಕಂತೆ ಕೂಸಿನ ಮನೆ ಇರಬೇಕೆಂಬುದನ್ನು ರಾಜ್ಯ ಸರ್ಕಾರ ಒಪ್ಪಿಕೊಂಡಿಲ್ಲವೆಂದಲ್ಲ. 2023–24ರ ಬಜೆಟ್ಟಿನಲ್ಲಿ ಪ್ರಕಟವಾದ ಯೋಜನೆಗೆ ಆ ಹೆಸರೇ ಇದೆ: 'ಕೂಸಿನ ಮನೆ'. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಅದು ಗೊತ್ತುಮಾಡಿದ್ದು 4,000 ಗ್ರಾಮ ಪಂಚಾಯಿತಿಗಳನ್ನು. ದೊಮ್ಮಲೂರು ಹೆಸರಿನಲ್ಲಿ ಮಾತ್ರ ಊರಾಗಿ ಉಳಿದಿದೆ. ಅಲ್ಲಿ ಗ್ರಾಮ ಪಂಚಾಯಿತಿ ಇಲ್ಲ.